ಒಳ್ಳೆ ದನಿ ಇದ್ದರೆ ಸಾಕಾ? ಆಡಿಯೋ ಕಾದಂಬರಿ ಓದುವವರ ಕೆಲಸದ ಬಗ್ಗೆ

ಮೊದಲು ಈ ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಓದಿ: “ಅವಳು ಅಳುತ್ತಾ ಓಡಿಬಂದ ಮಗುವನ್ನು ಎತ್ತಿಕೊಂಡಳು.”

‘ಅವಳು’ ಆದಮೇಲೆ ಚೂರು ನಿಂತರೆ ಅಳುತ್ತಿರುವುದು ಮಗು. ‘ಅಳುತ್ತಾ’ ಆದಮೇಲೆ ನಿಂತರೆ ಅಳುತ್ತಿರುವುದು ಅವಳು. ಪುಸ್ತಕದಲ್ಲಿ ಎರಡು ಅರ್ಥಕ್ಕೂ ಜಾಗ ಇದೆ. ಗೊಂದಲ ಆದರೆ ಕಣ್ಣು ಹಿಂದಕ್ಕೆ ಹೋಗಿ ಇನ್ನೊಂದು ಸಲ ಓದಿಕೊಳ್ಳುತ್ತದೆ. ಆಡಿಯೋ ಬುಕ್‌ನಲ್ಲಿ ಓದುವವರು ಎಲ್ಲಿ ಉಸಿರು ಎಳೆದುಕೊಂಡರೋ ಅಲ್ಲೇ ಅರ್ಥ ತೀರ್ಮಾನ ಆಗಿಹೋಯಿತು. ನೀವು ಪಾತ್ರೆ ತೊಳೆಯುತ್ತಲೋ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತೋ ಕೇಳುತ್ತಿರುತ್ತೀರಿ. ಫೋನ್ ತೆಗೆದು, ಹದಿನೈದು ಸೆಕೆಂಡ್ ಹಿಂದೆ ಹೋಗಿ ಮತ್ತೆ ಕೇಳುವವರು ಎಷ್ಟು ಜನ?

ಒಂದು ಕಾದಂಬರಿಯಲ್ಲಿ ಇಂಥ ತೀರ್ಮಾನಗಳು ಸಾವಿರಾರು. ಅವನ್ನೆಲ್ಲ ನಮ್ಮ ಪರವಾಗಿ ಬೇರೊಬ್ಬರು ಮೊದಲೇ ಮಾಡಿಟ್ಟಿರುತ್ತಾರೆ. ಕಾದಂಬರಿಯನ್ನು ನಾವು ಕೇಳುತ್ತಿದ್ದೇವೆ ಅಂದುಕೊಂಡರೂ ನಿಜವಾಗಿ ಕೇಳುತ್ತಿರುವುದು ಇನ್ನೊಬ್ಬರು ಆ ಕಾದಂಬರಿಯನ್ನು ಹೇಗೆ ಅರ್ಥ ಮಾಡಿಕೊಂಡರು ಅನ್ನುವುದನ್ನು.

ಸ್ಟೋರಿಟೆಲ್, ಮೈಲ್ಯಾಂಗ್, ಆಲಿಸಿರಿ ಥರದ ಆ್ಯಪ್‌ಗಳಲ್ಲಿ ಈಗ ಕನ್ನಡ ಕಾದಂಬರಿಗಳನ್ನು ಕೇಳಬಹುದು. ಪಾಕೆಟ್ ಎಫ್ಎಂ, ಕುಕು ಎಫ್ಎಂ ಅಂತ ಧಾರಾವಾಹಿಗಳ ಲೋಕ ಬೇರೆಯೇ ಇದೆ. ಆದರೆ ಯಾರನ್ನು ಓದಲು ಕೂರಿಸಬೇಕು ಅನ್ನುವ ಮಾತು ಬಂದಾಗ “ಅವರ ವಾಯ್ಸ್ ಚೆನ್ನಾಗಿದೆ” ಅನ್ನುವಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ಕೇಳುಗರ ಮೆಚ್ಚುಗೆಯೂ ಹೆಚ್ಚಾಗಿ ಅಷ್ಟೇ. ಒಳ್ಳೆ ದನಿಯೇ ಬೇರೆ, ಒಳ್ಳೆ ಓದೇ ಬೇರೆ. ಕನ್ನಡದಲ್ಲಂತೂ ಈ ಎರಡರ ನಡುವಿನ ದೂರ ತುಂಬಾ ಜಾಸ್ತಿ. ಅದಕ್ಕೆ ಕಾರಣ ನಮ್ಮ ಭಾಷೆಯೊಳಗೇ ಇದೆ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆಯಿತೋ ಆಗಲಿಲ್ಲವೋ, ಹೋದನೋ ಹೋಗಲಿಲ್ಲವೋ, ಎಲ್ಲ ಗೊತ್ತಾಗುವುದು ಕಟ್ಟಕಡೆಯ ಪದದಲ್ಲಿ. “ಅಪ್ಪ ಸತ್ತ ಸುದ್ದಿ ಕೇಳಿದ ಮೇಲೆ ಆ ಮನೆಗೆ ಒಮ್ಮೆ ಹೋಗಿಬಂದರೆ ಒಳ್ಳೆಯದೆಂದು ಅವನಿಗೆ ಅನ್ನಿಸಲಿಲ್ಲ.” ಇಡೀ ವಾಕ್ಯದ ಭಾರ ಆ ‘ಲಿಲ್ಲ’ದ ಮೇಲೆ ಕೂತಿದೆ. ಉದ್ದ ವಾಕ್ಯ ಓದುವಾಗ ಉಸಿರು ಮುಗಿಯುವುದೂ ಸರಿಯಾಗಿ ಅಲ್ಲೇ. ಅಭ್ಯಾಸ ಇಲ್ಲದವರು ಜೋರಾಗಿ ಶುರು ಮಾಡಿ, ವಾಕ್ಯದ ಬಾಲಕ್ಕೆ ಬರುವ ಹೊತ್ತಿಗೆ ದನಿ ಇಳಿಸಿ ನುಂಗಿಬಿಡುತ್ತಾರೆ. ಬಸ್ಸಿನಲ್ಲಿ ಕೂತು ಕೇಳುವವನಿಗೆ ‘ಅನ್ನಿಸ’ವರೆಗೆ ಕೇಳಿಸಿತು, ಮುಂದಿನದು ಎಂಜಿನ್ ಸದ್ದಲ್ಲಿ ಹೋಯಿತು. ಅವನ ಪಾಲಿಗೆ ಮಗ ಊರಿಗೆ ಹೊರಟ. ಕಾದಂಬರಿಯ ಮಗ ಹೊರಡಲೇ ಇಲ್ಲ.

‘ಎಂದಳು’ ಇನ್ನೊಂದು ತೊಡಕು. ನಮ್ಮಲ್ಲಿ ಮಾತು ಮೊದಲು ಬಂದು, ಅದನ್ನು ಆಡಿದ್ದು ಯಾರು ಅನ್ನುವುದು ಆಮೇಲೆ ಬರುವುದು ಸಾಮಾನ್ಯ. “ಇಷ್ಟು ದಿನ ಇಲ್ಲದ್ದು ಈಗ್ಯಾಕೆ?” ಎಂದು ಅತ್ತೆ ತಣ್ಣಗೆ ಕೇಳಿದಳು. ಓದುವವರು ಪುಟವನ್ನು ಮೊದಲೇ ನೋಡಿಕೊಂಡಿಲ್ಲ ಅಂದರೆ ಈ ಮಾತನ್ನು ಸಿಟ್ಟಿನಿಂದ, ಸೊಸೆಯ ದನಿಯಲ್ಲಿ ಓದಿ ಮುಗಿಸಿರುತ್ತಾರೆ. ಆಮೇಲೆ ‘ತಣ್ಣಗೆ’ ಬರುತ್ತದೆ, ‘ಅತ್ತೆ’ ಬರುತ್ತಾಳೆ. ಕೇಳುಗರ ತಲೆಯಲ್ಲಿ ಕಟ್ಟಿಕೊಂಡಿದ್ದ ಕೋಣೆ, ಅದರೊಳಗಿದ್ದ ಇಬ್ಬರು ಹೆಂಗಸರು, ಎಲ್ಲ ಅಲ್ಲಾಡಿ ಹೋಯಿತು. ಹೀಗೆ ಒಂದು ಅಧ್ಯಾಯದಲ್ಲಿ ನಾಲ್ಕೈದು ಸಲ ಆದರೆ ಬೇರೇನೂ ಕೆಟ್ಟಿಲ್ಲದಿದ್ದರೂ ಮನಸ್ಸು ಕಥೆಯಿಂದ ಹೊರಗೆ ಬಂದುಬಿಡುತ್ತದೆ. ಯಾಕೆ ಬಂತು ಅಂತ ಕೇಳುಗರಿಗೂ ಗೊತ್ತಾಗುವುದಿಲ್ಲ. “ಕಥೆ ಯಾಕೋ ಬೋರು” ಅಂತ ಬೇರೆ ಪುಸ್ತಕಕ್ಕೆ ಹೋಗುತ್ತಾರೆ. ಬೈಸಿಕೊಳ್ಳುವುದು ಬರೆದವರು.

ಇನ್ನು ಬರೆಯುವ ಕನ್ನಡ ಮತ್ತು ಆಡುವ ಕನ್ನಡದ ನಡುವಿನ ಕಂದಕ. ಹಳೆಯ ಕಾದಂಬರಿಗಳಲ್ಲಿ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು “ನಾನು ನಾಳೆ ಬೆಂಗಳೂರಿಗೆ ಹೋಗುತ್ತೇನೆ” ಅಂತ ಮಾತಾಡುತ್ತಾರೆ. ಕಣ್ಣಲ್ಲಿ ಓದುವಾಗ ಇದು ನಮಗೆ ತೊಂದರೆ ಕೊಡುವುದಿಲ್ಲ. ಒಳಗೊಳಗೇ ನಮ್ಮ ಮನೆಯ ಮಾತಿಗೆ ತಿರುಗಿಸಿಕೊಂಡುಬಿಡುತ್ತೇವೆ. ದನಿಯಲ್ಲಿ ಕೇಳಿದಾಗ ಮಾತ್ರ ಅವರಿಬ್ಬರು ಸಂಸಾರ ಮಾಡುತ್ತಿದ್ದಾರೋ ವಾರ್ತೆ ಓದುತ್ತಿದ್ದಾರೋ ಅನ್ನಿಸುತ್ತದೆ. ಹಾಗಾದರೆ ಓದುವವರು ‘ಹೋಗ್ತೀನಿ’ ಅಂತ ಬದಲಾಯಿಸಬಹುದಾ? ಲೇಖಕರು ಬರೆದದ್ದನ್ನು ಮುಟ್ಟಬಾರದು ಅನ್ನುವವರಿದ್ದಾರೆ. ನನ್ನ ಪ್ರಕಾರ ಸಂಭಾಷಣೆಯಲ್ಲಿ ಪದ ಬದಲಿಸದೆ, ವಾಕ್ಯ ಬದಲಿಸದೆ, ಉಚ್ಚಾರದಲ್ಲಿ ಮಾತ್ರ ಸಡಿಲ ಬಿಡುವುದು ತಪ್ಪಲ್ಲ. ‘ಹೋಗುತ್ತೇನೆ’ಯನ್ನೇ ‘ಹೋಗ್ತೇನೆ’ ಅಂತ ತೇಲಿಸಿದರೆ ಸಾಕು, ಮನುಷ್ಯರು ಮನುಷ್ಯರಾಗುತ್ತಾರೆ. ಆದರೆ ಇದನ್ನು ಮೊದಲ ಪುಟಕ್ಕೆ ಮುಂಚೆಯೇ ತೀರ್ಮಾನಿಸಿ ಕೊನೆತನಕ ಪಾಲಿಸಬೇಕು. ಸಾಧ್ಯವಿದ್ದರೆ ಲೇಖಕರನ್ನು ಕೇಳಿಯೇ ಮಾಡಬೇಕು.

ಪ್ರಾದೇಶಿಕ ಕನ್ನಡಕ್ಕೆ ಬಂದರೆ ಕೆಲಸ ಇನ್ನೂ ಕಷ್ಟ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1980ರ ದಶಕದಲ್ಲಿ ಬಂತು, ಆಮೇಲೆ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಂಜನಗೂಡು ಸೀಮೆಯ ಮಾತಲ್ಲೇ ನಡೆಯುವ ಆ ಪುಸ್ತಕ ಬೇರೆ ಕಡೆಯ ಓದುಗರಿಗೆ ಪುಟದ ಮೇಲೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದೇ ಸೀಮೆಯ ಮಾತು ಬಾಯಲ್ಲಿರುವ ಒಬ್ಬರು ಎದುರು ಕೂತು ಓದಲಿ, ಕಾಗುಣಿತವಾಗಿ ಗಂಟು ಬಿದ್ದಿದ್ದದ್ದು ಮಾತಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಪುಸ್ತಕಗಳಿಗೆ ಆಡಿಯೋ ಅನ್ನುವುದು ಬರೀ ಇನ್ನೊಂದು ಫಾರ್ಮ್ಯಾಟ್ ಅಲ್ಲ, ಓದುಗರಿಗೆ ಅದೇ ಸರಿಯಾದ ದಾರಿ ಆಗಬಹುದು. ಆದರೆ ಅದೇ ಪುಸ್ತಕವನ್ನು ಆ ಮಾತು ಕಿವಿಗೇ ಬೀಳದೆ ಬೆಳೆದವರ ಕೈಗೆ ಕೊಟ್ಟರೆ? ಅವರ ದನಿ ಎಷ್ಟೇ ಇಂಪಾಗಿರಲಿ, ಕೆಲಸಕ್ಕೆ ಬರಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತರದ ಕಾದಂಬರಿಯಲ್ಲಿ ಪ್ರಶ್ನೆಯೇ ಬೇರೆ. ಒಂದೇ ಕಾಡಿನ ಸುತ್ತಲಿನ ಬೇರೆ ಬೇರೆ ಜನ ಬೇರೆ ಬೇರೆ ಥರ ಮಾತಾಡುತ್ತಾರೆ. ಯಾರು ಯಾರ ಮುಂದೆ ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲೇ ಆ ಸಮಾಜದ ಮೇಲು-ಕೀಳು ಪೂರ್ತಿ ಕಾಣುತ್ತದೆ. ಎಲ್ಲರನ್ನೂ ಒಂದೇ ಧಾಟಿಯಲ್ಲಿ ಓದಿದರೆ ಆ ಕಾದಂಬರಿಯ ಅರ್ಧ ಜೀವ ಹೋಯಿತು.

ಇಲ್ಲಿ ನನ್ನನ್ನು ತುಂಬಾ ಕಾಡುವ ವಿಷಯ ಒಂದಿದೆ. ನಮ್ಮ ಸಿನಿಮಾ, ಟಿವಿ, ರೀಲ್ಸ್‌ಗಳು ಪ್ರಾದೇಶಿಕ ಕನ್ನಡವನ್ನು ಬಹಳ ವರ್ಷಗಳಿಂದ ನಗಿಸುವುದಕ್ಕೆ ಬಳಸಿಕೊಂಡು ಬಂದಿವೆ. ಉತ್ತರ ಕರ್ನಾಟಕದ ‘ಯಾಕ’, ‘ಹಂಗ’, ‘ಬರ್ರಿ’ ಕೇಳಿದರೆ ಕಾಮಿಡಿ ಸೀನ್ ಬಂತು ಅಂತ ಕಿವಿ ತಯಾರಾಗುತ್ತದೆ. ಮಂಗಳೂರಿನ ‘ಮಾರಾಯ್ರೇ’ಗೂ ಅದೇ ಗತಿ. ಆಡಿಯೋ ಬುಕ್ ಓದುವ ಎಷ್ಟೋ ನಿರೂಪಕರು ಈ ಮಾತುಗಳನ್ನು ಕಲಿತಿರುವುದೂ ಅಲ್ಲಿಂದಲೇ, ಆ ಊರುಗಳಿಂದಲ್ಲ. ಧಾರವಾಡದ ಕಡೆಯ ಒಬ್ಬ ತಾಯಿ ಮಗನ ಹೆಣದ ಮುಂದೆ ಕೂತು ಆಡುವ ಮಾತನ್ನು ಓದುವಾಗಲೂ ಆ ಕಾಮಿಡಿ ರಾಗ ನುಸುಳುತ್ತದೆ. ಇಂಥದ್ದೊಂದು ಜಾಗ ಕೇಳಿ ನಾನು ಆ ಕಾದಂಬರಿಯನ್ನೇ ಅರ್ಧಕ್ಕೆ ಬಿಟ್ಟೆ, ಆಮೇಲೆ ಪುಸ್ತಕ ತರಿಸಿ ಓದಿದೆ. ಪುಸ್ತಕದಲ್ಲಿ ಆ ಪುಟ ಕರುಳು ಹಿಂಡುವ ಹಾಗಿತ್ತು.

ಆ ಸೀಮೆಯ ಮಾತು ಬಾರದವರು ಅದನ್ನು ಅನುಕರಿಸುವುದಕ್ಕಿಂತ ತಮ್ಮದೇ ಸಹಜ ದನಿಯಲ್ಲಿ, ಬರೆದದ್ದನ್ನು ಗೌರವದಿಂದ, ನಿಧಾನವಾಗಿ ಓದುವುದು ಎಷ್ಟೋ ಮೇಲು. ಅದಕ್ಕಿಂತ ಮೇಲು ಅಂದರೆ ಆ ಕಡೆಯವರನ್ನೇ ಕರೆಸುವುದು. ಹುಬ್ಬಳ್ಳಿ, ಕಲಬುರಗಿ, ಕುಂದಾಪುರ, ಚಾಮರಾಜನಗರ, ಎಲ್ಲ ಕಡೆ ರಂಗಭೂಮಿಯವರಿದ್ದಾರೆ, ಮೇಷ್ಟ್ರುಗಳಿದ್ದಾರೆ. ರೆಕಾರ್ಡಿಂಗ್ ಈಗ ಬೆಂಗಳೂರಲ್ಲೇ ಆಗಬೇಕು ಅಂತೇನೂ ಇಲ್ಲ.

ಉಚ್ಚಾರದ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ಅಕಾರ-ಹಕಾರ ಅದಲುಬದಲಾದರೆ ಹಕ್ಕಿ ಹೋಗಿ ಅಕ್ಕಿ ಆಗುತ್ತದೆ, ‘ಳ’ ಸಡಿಲವಾದರೆ ಹಳ್ಳಿ ಹಲ್ಲಿಯಾಗುತ್ತದೆ. ಕಥೆ ಹೇಳುವ ಭಾಗದಲ್ಲಿ ಇದು ಸರಿ ಇರಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಆದರೆ ಮಂಡ್ಯ ಕಡೆಯ ರೈತ “ಅಂಗಲ್ಲ ಕಣಣ್ಣ” ಅಂದರೆ ಅದನ್ನು ‘ಹಾಗಲ್ಲ’ ಅಂತ ತಿದ್ದಿ ಓದುವುದು ಅಷ್ಟೇ ದೊಡ್ಡ ತಪ್ಪು. ಎಲ್ಲಿ ಶುದ್ಧ ಬೇಕು, ಎಲ್ಲಿ ಅದು ಪಾತ್ರವನ್ನು ಕೊಲ್ಲುತ್ತದೆ ಅಂತ ಗೊತ್ತಿರುವವರೇ ಒಳ್ಳೆ ನಿರೂಪಕರು.

ಪ್ರತಿ ಪಾತ್ರಕ್ಕೂ ಬೇರೆ ದನಿ ಬೇಕಾ ಅನ್ನುವ ಪ್ರಶ್ನೆ ಜಗತ್ತಿನಲ್ಲೆಲ್ಲ ಇದೆ. ಹ್ಯಾರಿ ಪಾಟರ್ ಪುಸ್ತಕಗಳನ್ನು ಅಮೆರಿಕದಲ್ಲಿ ಜಿಮ್ ಡೇಲ್ ಓದಿದರು, ಬ್ರಿಟನ್ನಿನಲ್ಲಿ ಸ್ಟೀಫನ್ ಫ್ರೈ ಓದಿದರು. ಐದನೆಯ ಪುಸ್ತಕದಲ್ಲಿ ಡೇಲ್ 134 ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಗಿನ್ನೆಸ್ ದಾಖಲೆಗೂ ಹೋದರು. ಇಬ್ಬರಲ್ಲಿ ಯಾರ ಓದು ಮೇಲು ಅಂತ ಕೇಳುಗರು ಇವತ್ತಿಗೂ ಜಗಳ ಆಡುತ್ತಾರೆ. ಚಿಕ್ಕಂದಿನಲ್ಲಿ ಒಬ್ಬರದನ್ನು ಕೇಳಿ ಬೆಳೆದವರಿಗೆ ಇನ್ನೊಬ್ಬರದು ಬೇರೆಯೇ ಪುಸ್ತಕ ಅನ್ನಿಸುತ್ತದೆ. 2017ರಲ್ಲಿ ಜಾರ್ಜ್ ಸಾಂಡರ್ಸ್ ಅವರ ಕಾದಂಬರಿಯೊಂದಕ್ಕೆ 166 ಜನ ದನಿ ಕೊಟ್ಟರು. ಅಲ್ಲಿ ಸ್ಮಶಾನದ ತುಂಬ ಮಾತಾಡುವ ಆತ್ಮಗಳೇ ಇರುವುದರಿಂದ ಅಷ್ಟು ಜನ ಬೇಕಾಯಿತು. ಎಲ್ಲ ಕಾದಂಬರಿಗೂ ಬೇಕಾಗುವುದಿಲ್ಲ.

ನನಗೆ ಒಬ್ಬರೇ ಓದುವುದು ಇಷ್ಟ. ಪಾತ್ರಗಳನ್ನು ಬೇರೆ ಮಾಡುವುದಕ್ಕೆ ದನಿ ಬದಲಿಸಲೇಬೇಕು ಅಂತಿಲ್ಲ. ಗಂಡಸರು ಹೆಣ್ಣಿನ ಮಾತು ಬಂದಕೂಡಲೇ ದನಿ ಸಣ್ಣ ಮಾಡಿ ಎಳೆಯುತ್ತಾರಲ್ಲ, ಅದರಿಂದ ಎಂಥ ಗಟ್ಟಿ ಹೆಣ್ಣುಪಾತ್ರವೂ ಗೊಂಬೆಯಾಗುತ್ತದೆ. ವೇಗ ಬದಲಿಸಿದರೆ ಸಾಕು. ಒಬ್ಬಳು ಯೋಚಿಸಿ ಮಾತಾಡುವವಳು, ಇನ್ನೊಬ್ಬಳು ಎದುರಿನವರ ಮಾತು ಮುಗಿಯುವ ಮುಂಚೆ ಶುರುಮಾಡುವವಳು. ಮಾತಿನ ನಡುವಿನ ಸಮಯ ಬದಲಾದರೆ ಕಿವಿ ತಾನೇ ಇಬ್ಬರನ್ನೂ ಗುರುತಿಸುತ್ತದೆ. ಬಾಗಿಲು ತೆಗೆದ ಅಮ್ಮ “ಬಂದ್ಯಾ?” ಅನ್ನುತ್ತಾಳೆ. ತಟ್ಟನೆ ಬಂದರೆ ಅದು ಖುಷಿ. ಅರ್ಧ ಸೆಕೆಂಡ್ ತಡವಾಗಿ ಬಂದರೆ ರಾತ್ರಿಯಿಡೀ ಕಾದಿದ್ದಾಳೆ ಅಂತ. ದನಿ ಎರಡರಲ್ಲೂ ಅದೇ.

ಹಾಗೇ ಹಿನ್ನೆಲೆ ಸಂಗೀತ. ದುಃಖದ ಜಾಗ ಬಂತು ಅಂತ ಕೊಳಲು ಶುರು ಮಾಡುವುದು ಓದಿನ ಮೇಲೆ ನಂಬಿಕೆ ಇಲ್ಲದವರ ಕೆಲಸ. ದಯವಿಟ್ಟು ಬೇಡ.

ಓದು ಅನ್ನುವುದು ಕಲಿಯಬೇಕಾದ ವಿದ್ಯೆ ಅನ್ನುವ ಮಾತು ನಮಗೆ ಹೊಸದಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ವಾಚನ ಮಾಡುವವರು ಬೇರೆ, ವ್ಯಾಖ್ಯಾನ ಮಾಡುವವರು ಬೇರೆ. ಕುಮಾರವ್ಯಾಸನ ಷಟ್ಪದಿಯನ್ನು ಎಲ್ಲಿ ಬಿಡಿಸಬೇಕು, ಯಾವ ಪದದ ಮೇಲೆ ನಿಲ್ಲಬೇಕು, ಯಾವ ಭಾವಕ್ಕೆ ಯಾವ ರಾಗ ಅಂತ ಗಮಕಿಗಳು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕಾವ್ಯ ಓದುವುದನ್ನು ಇಷ್ಟು ಗೌರವದಿಂದ ಕಂಡ ಭಾಷೆಯಲ್ಲಿ ಕಾದಂಬರಿ ಓದುವುದನ್ನು ಮಾತ್ರ ‘ಮೈಕ್ ಮುಂದೆ ಕೂತರೆ ಆಯ್ತು’ ಅನ್ನುವಷ್ಟು ಹಗುರ ಮಾಡಿಕೊಂಡಿದ್ದೇವೆ. ಗದ್ಯಕ್ಕೆ ಛಂದಸ್ಸು ಇಲ್ಲದ್ದರಿಂದ ಅದನ್ನು ಓದುವುದು ಒಂದು ರೀತಿಯಲ್ಲಿ ಇನ್ನೂ ಕಷ್ಟ. ಹಿಡಿದುಕೊಳ್ಳಲು ತಾಳ ಇಲ್ಲ, ಅರ್ಥವೊಂದೇ ಆಸರೆ.

ಮೈಕ್ ಮುಂದಿನ ಕೆಲಸವೂ ಸುಲಭದ್ದಲ್ಲ. ಇಂಗ್ಲಿಷ್ ಆಡಿಯೋ ಬುಕ್‌ಗಳಲ್ಲಿ ಒಂದು ಗಂಟೆಗೆ ಸುಮಾರು 9,300 ಪದ ಅಂತ ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿ ಅಷ್ಟು ಪದ ಹಿಡಿಸುವುದಿಲ್ಲ, ‘ಬರಲಾರದವನಂತೆ’ ಅನ್ನುವುದು ನಮಗೆ ಒಂದೇ ಪದ. ಕೇಳುಗರಿಗೆ ಸಿಗುವ ಒಂದು ಗಂಟೆಯ ಹಿಂದೆ ಓದುವವರ ಎರಡು ಗಂಟೆಯಾದರೂ ಮೈಕ್ ಮುಂದೆ ಹೋಗಿರುತ್ತದೆ, ಎಡಿಟಿಂಗ್ ಲೆಕ್ಕ ಬೇರೆ. ಫ್ಯಾನ್ ಆಫ್ ಮಾಡಿರಬೇಕು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಆ ವಾಕ್ಯ ಮತ್ತೆ ಓದಬೇಕು. ಬಾಯಿ ಒಣಗಿದರೆ ಪ್ರತಿ ‘ಪ’, ‘ಬ’ದಲ್ಲೂ ಅಂಟಂಟು ಸದ್ದು. ಸೋಮವಾರ ಓದಿದ ಅಜ್ಜನ ದನಿ ಶನಿವಾರವೂ ಅದೇ ಇರಬೇಕು, ನಡುವೆ ನೆಗಡಿ ಬಂದರೂ. ಅದಕ್ಕೇ ಅನುಭವಿಗಳು ಪ್ರತಿ ಪಾತ್ರದ ಒಂದು ತುಣುಕು ದನಿಯನ್ನು ಉಳಿಸಿಕೊಂಡು ಶುರುಮಾಡುವ ಮುನ್ನ ಕೇಳಿಕೊಳ್ಳುತ್ತಾರೆ. ಇದಕ್ಕೆಲ್ಲ ಮುಂಚೆ ಇಡೀ ಪುಸ್ತಕವನ್ನು ಒಮ್ಮೆಯಾದರೂ ಓದಿ ಮುಗಿಸಿರಬೇಕು. ಕೊನೆಯಲ್ಲಿ ಮೋಸ ಮಾಡುವವನನ್ನು ಮೊದಲ ಅಧ್ಯಾಯದಲ್ಲಿ ಹೇಗೆ ಮಾತಾಡಿಸಬೇಕು ಅಂತ ಗೊತ್ತಾಗುವುದು ಆಗಲೇ. ಆ ಓದಿನ ಸಮಯಕ್ಕೆ ಸಂಭಾವನೆ ಇಲ್ಲದಿದ್ದರೆ ಯಾರೂ ಓದಿಕೊಂಡು ಬರುವುದಿಲ್ಲ, ಬರಲಿ ಅಂತ ನಿರೀಕ್ಷಿಸುವುದೂ ನ್ಯಾಯವಲ್ಲ.

ಇಷ್ಟೆಲ್ಲ ಖರ್ಚು ಯಾಕೆ, ಮಷೀನೇ ಓದಲಿ ಅನ್ನುವ ಮಾತು ಈಗ ಜೋರಾಗಿದೆ. ಆ್ಯಪಲ್ 2023ರ ಜನವರಿಯಲ್ಲಿ ಕಂಪ್ಯೂಟರ್ ದನಿಯ ಪುಸ್ತಕಗಳನ್ನು ತಂದಿತು. ಆಡಿಯೋ ಬುಕ್ ಮಾರುವ ಆಡಿಬಲ್ ಕಂಪನಿ 2025ರ ಮೇ ತಿಂಗಳಲ್ಲಿ ಪ್ರಕಾಶಕರಿಗೆ ಎಐ ದನಿಗಳನ್ನು ಕೊಡುವುದಾಗಿ ಹೇಳಿತು. ಶುರುವಾದದ್ದು ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ. ಕನ್ನಡಕ್ಕೂ ಬರುತ್ತದೆ, ಅನುಮಾನ ಬೇಡ.

ಇಲ್ಲಿ ಅಂಧ ಓದುಗರ ಅನುಭವವನ್ನು ಮೊದಲು ಕೇಳಬೇಕು, ಯಾಕೆಂದರೆ ಆಡಿಯೋ ಬುಕ್ ಹುಟ್ಟಿದ್ದೇ ಅವರಿಗಾಗಿ. ಬ್ರಿಟನ್ನಿನಲ್ಲಿ ಮೊದಲ ‘ಟಾಕಿಂಗ್ ಬುಕ್ಸ್’ 1935ರಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಬಂದವು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಪುಸ್ತಕಗಳನ್ನು ದನಿಗೆ ಇಳಿಸುವ ಕೆಲಸ ಈ ಆ್ಯಪ್‌ಗಳಿಗಿಂತ ಎಷ್ಟೋ ಮೊದಲಿನದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಎಷ್ಟೋ ಜನ ಭಾವವೇ ಇಲ್ಲದ ಯಂತ್ರದ ದನಿಯನ್ನು, ಅದೂ ನಮಗೆ ಅರ್ಥವೇ ಆಗದಷ್ಟು ವೇಗದಲ್ಲಿ, ಆರಾಮಾಗಿ ಕೇಳುತ್ತಾರೆ. ಆ ಸಪಾಟು ದನಿ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಸಿಟ್ಟೋ ಪ್ರೀತಿಯೋ ಅನ್ನುವುದನ್ನು ಕೇಳುವವರಿಗೇ ಬಿಡುತ್ತದೆ, ಅಚ್ಚಿನ ಪುಟದ ಹಾಗೆ. ಯಾರೂ ಓದಿ ರೆಕಾರ್ಡ್ ಮಾಡದ ಸಾವಿರಾರು ಕನ್ನಡ ಪುಸ್ತಕಗಳಿಗೆ ಇಂಥ ದನಿ ಬೇಕೇ ಬೇಕು. ಬೇಡ ಅನ್ನುವ ಹಕ್ಕು ಕಣ್ಣಿರುವ ನಮಗಿಲ್ಲ.

ನನ್ನ ಭಯ ಇರುವುದು ಭಾವ ನಟಿಸುವ ಯಂತ್ರದ ಬಗ್ಗೆ. ಅದು ‘ಸತ್ತ’ ಅನ್ನುವ ಪದ ಕಂಡರೆ ದನಿ ಇಳಿಸುತ್ತದೆ. ಸತ್ತವನು ಊರಿಗೇ ಪೀಡೆಯಾಗಿದ್ದ, ಹೇಳುತ್ತಿರುವವಳು ಒಳಗೊಳಗೇ ಹಗುರಾಗಿದ್ದಾಳೆ ಅನ್ನುವುದು ಹಿಂದಿನ ನಲವತ್ತು ಪುಟಗಳಲ್ಲಿರುತ್ತದೆ, ಆ ಪದದಲ್ಲಿ ಇರುವುದಿಲ್ಲ. ಸಪಾಟು ದನಿ ಅರ್ಥವನ್ನು ಖಾಲಿ ಬಿಡುತ್ತದೆ. ನಟಿಸುವ ದನಿ ತಪ್ಪು ಅರ್ಥವನ್ನು ತುಂಬಿ ಕೊಡುತ್ತದೆ, ಅದೂ ತುಂಬಾ ಚಂದದ ದನಿಯಲ್ಲಿ. ಪುಸ್ತಕವನ್ನು ಮೊದಲೇ ಓದಿಕೊಳ್ಳದೆ ಬಂದು ಕೂರುವ ಇಂಪಾದ ದನಿಯ ಮನುಷ್ಯರು ಮಾಡುವುದೂ ಇದನ್ನೇ. ಮನುಷ್ಯರ ಓದು ಇಷ್ಟೇ ಆದರೆ ಅವರ ಜಾಗಕ್ಕೆ ಮಷೀನ್ ತರುವುದು ಯಾರಿಗೂ ಕಷ್ಟವಲ್ಲ.

ಮನುಷ್ಯರ ಓದನ್ನೇ ಬಳಸಿ ಮಷೀನ್ ಕಲಿಯುತ್ತದೆ ಅನ್ನುವುದು ಇನ್ನೊಂದು ಮಗ್ಗಲು. 2023ರ ಫೆಬ್ರವರಿಯಲ್ಲಿ ಅಮೆರಿಕದ ನಿರೂಪಕರಿಗೆ ಒಂದು ವಿಷಯ ಗೊತ್ತಾಯಿತು. ಫೈಂಡ್‌ಅವೇ ವಾಯ್ಸಸ್ ಅನ್ನುವ ಕಂಪನಿಯ ಒಪ್ಪಂದದಲ್ಲಿ ಅವರ ರೆಕಾರ್ಡಿಂಗ್‌ಗಳನ್ನು ಮಷೀನ್‌ಗೆ ಕಲಿಸಲು ಆ್ಯಪಲ್ ಬಳಸಿಕೊಳ್ಳಬಹುದು ಅನ್ನುವ ಸಾಲು ಇತ್ತು. ಗಲಾಟೆ ಆಯಿತು, ನಟರ ಒಕ್ಕೂಟ ಮಧ್ಯೆ ಬಂತು, ಆ ಬಳಕೆ ನಿಂತಿತು. ಕನ್ನಡ ನಿರೂಪಕರ ಪರವಾಗಿ ಹಾಗೆ ಗಟ್ಟಿಯಾಗಿ ನಿಲ್ಲುವವರು ಬೇಕು. ಈಗ ದನಿ ಕೊಡುತ್ತಿರುವವರು ಸಹಿ ಹಾಕುವ ಮುನ್ನ ಆ ಒಂದು ಸಾಲನ್ನು ಹುಡುಕಿ ನೋಡಿ. ಇದ್ದರೆ ತೆಗೆಸಿ, ಇಲ್ಲದಿದ್ದರೆ ‘ನನ್ನ ದನಿಯನ್ನು ಈ ಪುಸ್ತಕ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು’ ಅಂತ ಸೇರಿಸಿ ಅನ್ನಿ. ಮುಖಪುಟದಲ್ಲಿ, ಲೇಖಕರ ಹೆಸರಿನ ಕೆಳಗೆ, ನಿಮ್ಮ ಹೆಸರು ಬರಬೇಕು ಅಂತಲೂ ಕೇಳಿ. ಅನುವಾದಕರ ಹೆಸರು ಹಾಕುತ್ತೇವಲ್ಲ, ಇದೂ ಹಾಗೇ.

ಕೇಳುಗರು ಮಾಡಬಹುದಾದ್ದೂ ಒಂದಿದೆ. ಸ್ಯಾಂಪಲ್ ಅಂತ ಕೊಡುವುದು ಹೆಚ್ಚಾಗಿ ಮೊದಲ ಅಧ್ಯಾಯದ ಶುರು. ಅಲ್ಲಿ ಮಳೆ, ಬೆಟ್ಟ, ಬೆಳಗಿನ ವರ್ಣನೆ ಇರುತ್ತದೆ, ಇಂಪಾದ ದನಿ ಯಾರದ್ದಾದರೂ ಪಾಸಾಗುತ್ತದೆ. ಸಾಧ್ಯವಾದರೆ ಮುಂದೆ ಹೋಗಿ, ಮನೆಯೊಳಗೆ ಮೂರು ಜನ ಮಾತಾಡುತ್ತಿರುವ ಜಾಗ ಹುಡುಕಿ ಕೇಳಿ. ‘ಎಂದಳು’ ಬರುವ ಮುಂಚೆಯೇ ಮಾತು ಯಾರದ್ದು ಅಂತ ಗೊತ್ತಾದರೆ ಪುಸ್ತಕ ಶುರುಮಾಡಿ, ಆಮೇಲೆ ರಿವ್ಯೂ ಬರೆಯುವಾಗ ಓದಿದವರ ಹೆಸರನ್ನೂ ಬರೆಯಿರಿ.